ಪ್ರಯಾಣಕ್ಕೆ ಮುಂಚಿನ ಹಿತ್ತಿಲು



ಪ್ರವಾಸದ ವಿಷಯವಾಗಿ ಮಾತನಾಡುವವರು ಸಾಮಾನ್ಯವಾಗಿ ಹೋಗಿಬಂದ ಮೇಲೆ ಮಾತನಾಡುತ್ತಾರೆ. ಕಂಡ ಗುಡಿ, ದಾಟಿದ ಹೊಳೆ, ಉಂಡ ಊಟ, ಇವುಗಳ ವರ್ಣನೆಗೆ ಆಗ ಅವಕಾಶವುಂಟು. ನಾನಾದರೋ ಇನ್ನೂ ಹೊರಟಿಲ್ಲ. ಹೊರಡಲು ಒಂಬತ್ತು ದಿನಗಳಿವೆ. ಈ ಒಂಬತ್ತು ದಿನಗಳ ವಿಷಯವಾಗಿಯೇ ತಮ್ಮೊಡನೆ ನಾಲ್ಕು ಮಾತುಗಳನ್ನಾಡಬೇಕೆಂದು ನನ್ನ ಆಶೆ. ಬಹುಕಾಲ ಹಂಬಲಿಸಿದ ಪ್ರಯಾಣವೊಂದು ಹತ್ತಿರ ಬಂದಾಗ, ಅದಕ್ಕೆ ಮುಂಚಿನ ದಿನಗಳನ್ನು ನಾವು ದಿನಗಳೆಂದೇ ಎಣಿಸುವುದಿಲ್ಲ. ಪಂಚಾಂಗದ ಮೇಲೆ ಒಂದೊಂದನ್ನೂ ಗೀಟೆಳೆದು ಕಳೆದುಬಿಡುತ್ತೇವೆ. ಬೇಗ ತೀರಿದರೆ ಸಾಕೆನ್ನುತ್ತೇವೆ. ಆದರೆ ಈ ದಿನಗಳು ಚೈತ್ರಮಾಸದಲ್ಲಿ ಬಂದರೆ, ಮತ್ತು ಮನೆಯ ಹಿಂದೆ ಒಂದು ಅಂಗೈಯಗಲ ಹಿತ್ತಿಲು ಇದ್ದರೆ, ಅವನ್ನು ಹಾಗೆ ಕಳೆದುಬಿಡುವುದು ಸುಲಭವಲ್ಲ.

ನನ್ನದು ಹೇಳಿಕೊಳ್ಳುವಂಥ ತೋಟವೇನೂ ಅಲ್ಲ. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಮೂವತ್ತಡಿ ಉದ್ದ, ಇಪ್ಪತ್ತಡಿ ಅಗಲದ ಜಾಗ. ಅದರಲ್ಲಿ ಒಂದು ಮಾವು, ಒಂದು ನಿಂಬೆ, ಒಂದು ಕರಿಬೇವು, ಎರಡು ದಾಸವಾಳ, ಕನಕಾಂಬರದ ಒಂದು ಸಾಲು, ಬಾವಿಕಟ್ಟೆಯ ಪಕ್ಕದಲ್ಲಿ ಮೂರು ಮಲ್ಲಿಗೆ. ಬಾವಿಯಲ್ಲಿ ನೀರು ಬತ್ತಿ ಬಹಳ ಕಾಲವಾಯಿತು. ಕಟ್ಟೆ ಮಾತ್ರ ಕುಳಿತುಕೊಳ್ಳುವುದಕ್ಕೆ ಉಪಯೋಗವಾಗಿದೆ. ಗೋಡೆಯಾಚೆ ಬೀದಿಯಲ್ಲಿ ಒಂದು ಹೊಂಗೆಯ ಮರವುಂಟು. ಅದು ನನ್ನದಲ್ಲವಾದರೂ ಅದರ ನೆರಳಿನಲ್ಲಿ ಅರ್ಧಪಾಲು ನನಗೆ ಸಲ್ಲುತ್ತದೆ.

ಶಿವರಾತ್ರಿಗೆ ಚಳಿ ಶಿವಶಿವ ಎನ್ನುತ್ತ ಹೋಗುತ್ತದೆಂದು ನಮ್ಮ ಹಿರಿಯರ ಮಾತು. ಅದು ಹೋದ ಮೇಲೆ ಬಿಸಿಲು ಪೂರ್ತಿ ಬಲಿಯುವುದಕ್ಕೆ ಮುಂಚೆ ಒಂದು ತಿಂಗಳು, ಒಂದೂವರೆ ತಿಂಗಳ ಕಾಲವಿದೆಯಲ್ಲ, ಅದು ಈ ಸೀಮೆಯ ಹಿತ್ತಿಲುಗಳಿಗೆ ಅತ್ಯಂತ ಶ್ರೇಷ್ಠವಾದ ಕಾಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಚೈತ್ರದ ಮಧ್ಯಾಹ್ನದಲ್ಲಿ ಉಷ್ಣಮಾನ 34, 35 ಡಿಗ್ರಿಗೆ ಏರಿದರೂ ರಾತ್ರಿ ತಂಪಾಗಿ, ಬೆಳಗಿನ ಆರು ಗಂಟೆಗೆ ಮೈಮೇಲೊಂದು ಪಂಚೆಯನ್ನು ಹೊದ್ದು ಕುಳಿತರೆ ಹಿತವಾಗಿರುತ್ತದೆ. ಆ ಹೊತ್ತಿನಲ್ಲಿ ಹೊಂಗೆಯ ಹೊಸ ಎಲೆಯ ಮೂಲಕ ಬರುವ ಬೆಳಕಿಗೆ ಹಸುರು ಬಣ್ಣ ಹತ್ತಿರುತ್ತದೆ. ಉದುರಿದ ಅದರ ಹೂವು ಯಾರೋ ಅರಳು ಚೆಲ್ಲಿಹೋದಂತೆ ಕಾಣುತ್ತದೆ. ಕೋಗಿಲೆ ಎಲ್ಲಿಯೋ ಅಡಗಿ ಕೂಗುತ್ತದೆ. ಹೀಗೆ ಎತ್ತರದ ದನಿಯಲ್ಲಿ ಕೂಗುವುದು ಗಂಡು ಹಕ್ಕಿ. ಹೆಣ್ಣು ಅಷ್ಟರಲ್ಲಿ ಕಾಗೆಯ ಗೂಡು ಎಲ್ಲಿದೆಯೆಂದು ಹುಡುಕುತ್ತಿರುತ್ತದೆ. ಕವಿಗಳು ಹಾಡಿಗೆ ಕೊಟ್ಟ ಗೌರವವನ್ನು ನಾವೂ ಕೊಡೋಣ. ಆದರೆ ಪಾಪ, ಆ ಕಾಗೆಯನ್ನೂ ಒಮ್ಮೆ ನೆನೆಯೋಣ.

ಮಾವಿನ ಮರದಲ್ಲಿ ಈಗ ಮಿಡಿ ಕಾಯಾಗುವ ಸಮಯ. ಪ್ರತಿದಿನ ಬೆಳಿಗ್ಗೆ ನೆಲದ ಮೇಲೆ ಹತ್ತಾರು ಮಿಡಿಗಳು ಬಿದ್ದಿರುತ್ತವೆ. ಹೊಸದಾಗಿ ಮರ ಬೆಳೆಸಿದವರಿಗೆ ಇದನ್ನು ಕಂಡು ಎದೆ ಒಡೆಯುತ್ತದೆ. ರೋಗವೋ, ದೃಷ್ಟಿಯೋ ಎಂದು ಔಷಧಿಯ ಅಂಗಡಿಗೆ ಓಡುತ್ತಾರೆ. ವಾಸ್ತವದಲ್ಲಿ ಮಾವು ತಾನು ಹೊರಬಲ್ಲಷ್ಟನ್ನೇ ಉಳಿಸಿಕೊಳ್ಳುತ್ತದೆ. ಹೂಗೊಂಚಲಿನಲ್ಲಿ ಅರಳಿದ ಹೂಗಳಲ್ಲಿ ಹಣ್ಣಾಗುವ ತನಕ ನಿಲ್ಲುವುದು ನೂರಕ್ಕೆ ಒಂದೂ ಇಲ್ಲ. ಉದುರುವುದು ಮರದ ಸ್ವಭಾವ. ಉಳಿದದ್ದು ನಮ್ಮ ಭಾಗ್ಯ.

ಇನ್ನು ನನ್ನ ಪ್ರಯಾಣದ ಮಾತು. ನಾನು ಹೊರಟಿರುವುದು ಕಾಶಿಗೂ ಅಲ್ಲ, ಕಾಶ್ಮೀರಕ್ಕೂ ಅಲ್ಲ. ಸಾಗರದ ಸಮೀಪದ ಒಂದು ಹಳ್ಳಿಗೆ, ನಮ್ಮಕ್ಕನ ಮನೆಗೆ. ಮೈಸೂರಿನಿಂದ ತಾಳಗುಪ್ಪದವರೆಗೆ ರೈಲು ಓಡುತ್ತದೆ; ರಾತ್ರಿ ಮಲಗಿ ಎದ್ದರೆ ಮಲೆನಾಡು. ಇಷ್ಟು ಹತ್ತಿರದ ಊರಿಗೆ ಹೋಗುವುದನ್ನು ಇಷ್ಟು ದೊಡ್ಡದು ಮಾಡಬೇಕೆ ಎಂದು ತಾವು ಕೇಳಬಹುದು. 2020ನೆಯ ಇಸವಿಯಲ್ಲಿ ಯುಗಾದಿ ಮಾರ್ಚ್ 25ರಂದು ಬಿದ್ದಿತ್ತು. ಹಬ್ಬ ಮುಗಿಸಿಕೊಂಡು ಹೊರಡಬೇಕೆಂದು ಎಲ್ಲವೂ ಸಿದ್ಧವಾಗಿತ್ತು. ಆ ಯುಗಾದಿಯ ದಿನವೇ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡದ್ದು ತಮಗೆಲ್ಲ ನೆನಪಿದೆ. ಆ ಬಾಗಿಲು ತೆರೆಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದಿದ್ದರು. ಅವರ ಶುಶ್ರೂಷೆ ಮೂರು ವರ್ಷಕ್ಕೂ ಮೇಲೆ ನಡೆಯಿತು. ಅವರನ್ನು ಬಿಟ್ಟು ಒಂದು ರಾತ್ರಿ ಹೊರಗೆ ಕಳೆಯುವ ಸ್ಥಿತಿ ಇರಲಿಲ್ಲ. ಹೋದ ಮಾಘದಲ್ಲಿ ಅವರ ವರ್ಷಾಂತಿಕವೂ ಮುಗಿಯಿತು. ಈಗ ಹೊರಟಿದ್ದೇನೆ.

ಈ ನಡುವೆ ಅಕ್ಕನಿಗೆ ಎಂಬತ್ತೊಂದು ತುಂಬಿದೆ. ಗ್ಲಾಕೋಮಾ ಎಂಬ ಕಣ್ಣಿನ ವ್ಯಾಧಿಯಿಂದ ಆಕೆಯ ದೃಷ್ಟಿ ಬಹುಮಟ್ಟಿಗೆ ಹೋಗಿದೆ. ಈ ರೋಗದಲ್ಲಿ ಹೋದ ದೃಷ್ಟಿಯನ್ನು ಮರಳಿ ತರಲು ಸಾಧ್ಯವಿಲ್ಲ; ಇರುವುದನ್ನು ಕಾಪಾಡಿಕೊಳ್ಳುವುದಷ್ಟೇ ವೈದ್ಯರ ಕೈಯಲ್ಲಿರುವುದು. ಬೆಳಕು ಯಾವುದು, ನೆರಳು ಯಾವುದು ಎಂಬಷ್ಟು ಆಕೆಗೆ ತಿಳಿಯುತ್ತದೆ. ದೂರವಾಣಿಯಲ್ಲಿ ಈಗ ಒಬ್ಬರ ಮುಖವನ್ನು ಒಬ್ಬರು ನೋಡುತ್ತ ಮಾತನಾಡಬಹುದಷ್ಟೆ. ಆ ಸೌಕರ್ಯ ನನಗೆ ಉಂಟು, ಆಕೆಗೆ ಇಲ್ಲ. ಆಕೆ ನನ್ನ ದನಿಯನ್ನು ಮಾತ್ರ ಬಲ್ಲಳು. ದಿನವೂ ಸಂಜೆ ಆಕೆ ಕೇಳುವ ಮೊದಲನೆಯ ಪ್ರಶ್ನೆ ನನ್ನ ಆರೋಗ್ಯದ ವಿಷಯವಲ್ಲ. “ತಮ್ಮಾ, ಇವತ್ತು ಎಷ್ಟು ಮೊಗ್ಗು ಬಂತು?” ಎಂದು ಕೇಳುತ್ತಾಳೆ.

ಈ ಪ್ರಶ್ನೆಗೆ ಕಾರಣವಿದೆ. ಬಾವಿಕಟ್ಟೆಯ ಪಕ್ಕದ ಮೂರು ಮಲ್ಲಿಗೆಗಳಲ್ಲಿ ನಡುವಿನದು ನಮ್ಮ ತಾಯಿಯವರ ಮಲ್ಲಿಗೆ. ಅದು ಅವರ ಹಿತ್ತಿಲಿನಲ್ಲಿತ್ತು. ನಾನು ಮೈಸೂರಿಗೆ ಬಂದು ಮನೆ ಹೂಡಿದಾಗ ಅದರ ಒಂದು ಕೊಂಬೆಯನ್ನು ಅವರೇ ಬೇರು ಬರಿಸಿ ಕಳುಹಿಸಿಕೊಟ್ಟರು. ಊರಿನ ಮೂಲದ ಗಿಡ ಒಂದು ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತು ಕೊಳೆತುಹೋಯಿತು. ಆ ಮನೆ, ಆ ಹಿತ್ತಿಲು ಈಗ ಅಕ್ಕನ ವಶದಲ್ಲಿವೆ; ಮಲ್ಲಿಗೆ ಮಾತ್ರ ಅಲ್ಲಿಲ್ಲ.

ಮಲ್ಲಿಗೆಯ ವಿಷಯದಲ್ಲಿ ಒಂದು ವಿಶೇಷವನ್ನು ತಾವು ಗಮನಿಸಿರಬಹುದು. ನಾವು ಮನೆಗಳಲ್ಲಿ ಬೆಳೆಸುವ ದುಂಡುಮಲ್ಲಿಗೆ ಬೀಜ ಕಟ್ಟುವುದು ಬಹಳ ಅಪರೂಪ. ಆದುದರಿಂದ ಅದನ್ನು ಕಡ್ಡಿ ನೆಟ್ಟೋ, ಕೊಂಬೆಯನ್ನು ಮಣ್ಣಿಗೆ ಬಾಗಿಸಿ ಬೇರು ಬರಿಸಿಯೋ ವೃದ್ಧಿಪಡಿಸುತ್ತಾರೆ. ಬೀಜದಿಂದ ಹುಟ್ಟಿದ ಗಿಡ ತಾಯಿಯ ಸಂತಾನ. ಕೊಂಬೆಯಿಂದಾದ ಗಿಡವಾದರೋ ತಾಯಿಗಿಡವೇ, ಅದೇ ದೇಹದ ಮುಂದುವರಿಕೆ. ಹಾಗೆ ನೋಡಿದರೆ ನನ್ನ ಬಾವಿಕಟ್ಟೆಯ ಪಕ್ಕದಲ್ಲಿರುವುದು ನಮ್ಮ ತಾಯಿಯವರು ನೀರೆರೆದ ಗಿಡವೇ ಹೊರತು ಅದರ ಮಗಳಲ್ಲ, ಮೊಮ್ಮಗಳಲ್ಲ. ಅವರು ಬಿಡಿಸಿ ಮಾಲೆ ಕಟ್ಟಿ ಅಕ್ಕನ ಜಡೆಗೆ ಮುಡಿಸಿದ ಹೂವಿನ ಪರಿಮಳ ಯಾವುದೋ, ಇಂದು ಸಂಜೆ ನನ್ನ ಹಿತ್ತಿಲಿನಲ್ಲಿ ಹರಡುವುದೂ ಅದೇ.

ಮಲ್ಲಿಗೆಗೆ ಸಲ್ಲಬೇಕಾದ ಸೇವೆ ಪುಷ್ಯಮಾಸದಿಂದಲೇ ಪ್ರಾರಂಭವಾಗುತ್ತದೆ. ಆಗ ನೀರನ್ನು ನಿಲ್ಲಿಸಬೇಕು; ಗಿಡವನ್ನು ಮೊಣಕಾಲಿನ ಎತ್ತರಕ್ಕೆ ಕತ್ತರಿಸಬೇಕು; ಉಳಿದ ಎಲೆಗಳನ್ನೂ ತೆಗೆದುಬಿಡಬೇಕು. ನೋಡುವವರಿಗೆ ಗಿಡ ಸತ್ತಿತೆಂದೇ ತೋರುತ್ತದೆ. ಕೆಲವು ವಾರ ಹಾಗೆ ಬಿಟ್ಟು, ಬಳಿಕ ಬುಡ ಬಿಡಿಸಿ, ಹಟ್ಟಿಗೊಬ್ಬರ ಕೊಟ್ಟು, ಮೊದಲನೆಯ ನೀರೆರೆದರೆ ಕಡ್ಡಿಕಡ್ಡಿಗೂ ಚಿಗುರು. ಹೂ ಬರುವುದು ಈ ಹೊಸ ಚಿಗುರಿನ ತುದಿಯಲ್ಲಿಯೇ. ಯುಗಾದಿಯ ಹೊತ್ತಿಗೆ ಮೊಗ್ಗು ಕಾಣುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಅಕ್ಕಿಯ ಬಿಳುಪಿನಲ್ಲಿ ಬಿಗಿಯಾಗಿದ್ದ ಮೊಗ್ಗು ದೀಪ ಹಚ್ಚುವ ಹೊತ್ತಿಗೆ ಸಡಿಲವಾಗುತ್ತದೆ, ರಾತ್ರಿ ಅರಳುತ್ತದೆ. ಕತ್ತಲೆಯಲ್ಲಿ ಹಾರಾಡುವ ಪತಂಗಗಳನ್ನು ಕರೆಯುವುದಕ್ಕೆ ಬಣ್ಣದಿಂದ ಪ್ರಯೋಜನವಿಲ್ಲ. ಬಿಳುಪೂ ಪರಿಮಳವೂ ಬೇಕು. ರಾತ್ರಿ ಅರಳುವ ಹೂಗಳು ಬಹುಪಾಲು ಬೆಳ್ಳಗಿರುವುದೂ ಕಂಪು ಸೂಸುವುದೂ ಇದಕ್ಕಾಗಿಯೇ. ಕಣ್ಣು ಕಾಣದ ಹೊತ್ತಿನಲ್ಲಿ ಗುರುತು ಸಿಗುವಂತೆ ನಿರ್ಮಾಣವಾದ ಹೂವು ಅದು.

ನಮ್ಮ ಕಾಲದ ಮಹಾದ್ಭುತವಾದ ಆಕಾಶವಾಣಿ ನನ್ನ ದನಿಯನ್ನು ತಮ್ಮೆಲ್ಲರ ಮನೆಗೆ ಮುಟ್ಟಿಸುತ್ತದೆ. ಚಿತ್ರವೂ ಈಗ ಕ್ಷಣಮಾತ್ರದಲ್ಲಿ ಸಮುದ್ರಗಳನ್ನು ದಾಟುತ್ತದೆ. ಆದರೆ ಒಂದು ಮಲ್ಲಿಗೆಯ ಮೊಗ್ಗಿನ ಕಂಪನ್ನು ಮೈಸೂರಿನಿಂದ ಸಾಗರಕ್ಕೆ ಕಳುಹಿಸುವ ತಂತಿಯಾಗಲಿ ಯಂತ್ರವಾಗಲಿ ನಮ್ಮ ಮನೆಗಳಿಗೆ ಇನ್ನೂ ಬಂದಿಲ್ಲ. ಅದನ್ನು ಯಾರಾದರೂ ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ಹಾಗೆಯೇ, ಐದಾರು ವರ್ಷಗಳಿಂದ ಕಾಣದ ತಮ್ಮನ ಕೈಯನ್ನು ಹಿಡಿದು, ಎಷ್ಟು ಸೊರಗಿದ್ದಾನೆಂದು ಬೆರಳಿನಿಂದ ಅಳೆದು ನೋಡುವುದು ದೂರವಾಣಿಯಿಂದ ಆಗತಕ್ಕ ಕೆಲಸವಲ್ಲ. ಪ್ರಯಾಣಗಳು ಇಂದಿಗೂ ಅವಶ್ಯವಾಗಿರುವುದು ಈ ಕಾರಣದಿಂದಲೇ.

ಹಾಗಾದರೆ ಮಲ್ಲಿಗೆ ಇಷ್ಟು ಸೊಗಸಾಗಿ ಹೂ ಬಿಡುತ್ತಿರುವಾಗ ಅದನ್ನು ಬಿಟ್ಟು ಹೋಗುವುದೆಂತು? ತೋಟವಿಟ್ಟುಕೊಂಡವರೆಲ್ಲರಿಗೂ ಈ ಸಂಕಟ ಗೊತ್ತು. “ಹೂವಿನ ಕಾಲ ಮುಗಿಯಲಿ, ಹೋಗೋಣ” ಎನ್ನಿಸುತ್ತದೆ. ಆದರೆ ಮಲ್ಲಿಗೆ ಮುಗಿಯುವ ಮೊದಲೇ ಮಾವು ಹಣ್ಣಿಗೆ ಬರುತ್ತದೆ, ಮಾವು ಮುಗಿಯುವಷ್ಟರಲ್ಲಿ ಮಳೆ ಬಂದು ಹೊಸ ಸಸಿ ನೆಡುವ ಕಾಲ, ಬಳಿಕ ಸೇವಂತಿಗೆ. ಬೆಂಗಳೂರಿನ ಬೀದಿಗಳಲ್ಲಿ ಸಾಲುಮರಗಳನ್ನು ನೆಡಿಸಿದ ಕ್ರುಂಬೀಗಲ್ ಮಹಾಶಯರ ಹೆಸರನ್ನು ತಾವು ಕೇಳಿರಬಹುದು. ಜರ್ಮನಿಯವರಾದ ಅವರು ಬಡೋದೆಯ ಸಂಸ್ಥಾನದಲ್ಲಿ ಕೆಲಸಮಾಡಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗಿನ ಆಡಳಿತವನ್ನು ವಹಿಸಿಕೊಂಡರು. 1956ರಲ್ಲಿ ಬೆಂಗಳೂರಿನಲ್ಲಿಯೇ ದೇಹ ಬಿಟ್ಟರು. ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಜಾತಿಯದು ಹೂವಿಗೆ ಬರಬೇಕು, ವರ್ಷದ ಯಾವ ಕಾಲದಲ್ಲಿಯೂ ನಗರದಲ್ಲಿ ಹೂವಿಲ್ಲವೆಂಬುದಾಗಬಾರದು ಎಂಬುದು ಅವರ ಏರ್ಪಾಟು. ಆ ಏರ್ಪಾಟು ನಗರಕ್ಕೆ ಒಂದು ವರ; ಊರಿಗೆ ಹೋಗಬೇಕಾದವನಿಗೆ ಅದರಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಚೆನ್ನಾಗಿ ಬೆಳೆಸಿದ ತೋಟದಲ್ಲಿ “ಇನ್ನು ಹೊರಡಬಹುದು” ಎನ್ನುವ ದಿನ ಎಂದಿಗೂ ಬರುವುದಿಲ್ಲ. ಎಂಬತ್ತೊಂದು ವಯಸ್ಸಿನವರ ಲೆಕ್ಕ ಹಾಗಲ್ಲ. ಅದಕ್ಕಾಗಿ ಮಲ್ಲಿಗೆಯ ನಡುಗಾಲದಲ್ಲಿಯೇ ಹೊರಡುವುದೆಂದು ತೀರ್ಮಾನಿಸಿದೆ. ಟಿಕೆಟ್ಟನ್ನು ಅರವತ್ತು ದಿನ ಮುಂಚೆ ಕೊಡುತ್ತಾರೆ; ಕೊಟ್ಟ ಮೊದಲನೆಯ ದಿನವೇ ತೆಗೆದಿಟ್ಟೆ.

ಹೋಗುವ ದಿನ ನಿಶ್ಚಯವಾದ ಮೇಲೆ ಹಿತ್ತಿಲು ಮೊದಲಿಗಿಂತ ಹೆಚ್ಚು ಚೆಲುವಾಗಿ ಕಾಣುತ್ತಿದೆಯೆಂದು ಹೇಳಿದರೆ ತಾವು ನಂಬಬೇಕು. ಸದಾ ಇರುವುದೆಂದುಕೊಂಡಾಗ ನಾವು ನೋಡುವ ರೀತಿಯೇ ಬೇರೆ. ಇನ್ನು ಒಂಬತ್ತು ಸಂಜೆಗಳ ಮೊಗ್ಗು ಮಾತ್ರ ನನ್ನ ಪಾಲಿಗೆ ಎಂದು ತಿಳಿದ ಬಳಿಕ ಒಂದೊಂದನ್ನೂ ನೋಡಿ ಬಿಡಿಸುತ್ತೇನೆ. ನಿಂಬೆಯ ಎಲೆಯ ಮೇಲೆ ಹಕ್ಕಿಹಿಕ್ಕೆಯಂತೆ ತೋರುವ ಹುಳು ಕುಳಿತಿತ್ತು. ನಾಲ್ಕು ದಿನದ ಹಿಂದೆ ಅದು ಪೊರೆ ಕಳಚಿ ಹಸುರಾಯಿತು. ಇನ್ನು ಕೋಶ ಕಟ್ಟಿ ಚಿಟ್ಟೆಯಾಗಬೇಕು. ಅದು ಹಾರುವುದು ನಾನು ಹೋದ ಮೇಲೆಯೇ ಇದ್ದೀತು. ಹಾರಲಿ. ಎಲ್ಲವನ್ನೂ ನಾನು ಕಂಡೇ ಆಗಬೇಕೆಂಬ ನಿಯಮವಿಲ್ಲ.

ಬಿಟ್ಟುಹೋಗುವ ಹಿತ್ತಿಲಿಗೆ ತಕ್ಕ ವ್ಯವಸ್ಥೆ ಮಾಡುವುದೂ ಈ ದಿನಗಳ ಒಂದು ಸಂತೋಷ. ಶ್ರೋತೃಗಳಲ್ಲಿ ಬೇಸಗೆಯಲ್ಲಿ ಊರಿಗೆ ಹೋಗುವವರು ಬಹಳ ಮಂದಿ ಇದ್ದೀರಿ. ಆದುದರಿಂದ ಎರಡು ಮಾತು ಹೇಳುತ್ತೇನೆ. ಮೊದಲನೆಯದು ಹೊದಿಕೆ. ಹೊಂಗೆಯ ತರಗೆಲೆಯನ್ನು ಗುಡಿಸಿ ಸುಟ್ಟುಬಿಡದೆ ಗಿಡದ ಬುಡದ ಸುತ್ತ ನಾಲ್ಕು ಬೆರಳು ದಪ್ಪ ಹರಡಬೇಕು. ಕಾಂಡಕ್ಕೆ ತಾಗದಂತೆ ಗೇಣಿನಷ್ಟು ಜಾಗ ಬಿಡಬೇಕು. ಬಿಸಿಲು ನೇರವಾಗಿ ಮಣ್ಣಿಗೆ ತಗುಲದಿದ್ದರೆ ತೇವ ಬಹುದಿನ ನಿಲ್ಲುತ್ತದೆ. ಎರಡನೆಯದು ಮಡಕೆ. ಬಣ್ಣ, ಮೆರುಗು ಇಲ್ಲದ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಗಿಡದ ಪಕ್ಕದಲ್ಲಿ ಹೂತು, ನೀರು ತುಂಬಿ, ಬಾಯಿ ಮುಚ್ಚಬೇಕು. ಮಣ್ಣು ಒಣಗಿದಷ್ಟೂ ಮಡಕೆಯಿಂದ ನೀರನ್ನು ಎಳೆದುಕೊಳ್ಳುತ್ತದೆ. ತೇವವಾಗಿದ್ದರೆ ಜಿನುಗುವುದು ತಾನೇ ಕಡಮೆಯಾಗುತ್ತದೆ. ಚೀನದೇಶದಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ರಚಿತವಾದ ಕೃಷಿಗ್ರಂಥವೊಂದರಲ್ಲಿ ಈ ಉಪಾಯ ಹೇಳಿದೆ. ದಿನವೂ ನೀರೆರೆಯಿರೆಂದು ನೆರೆಯವರನ್ನು ಕೇಳಿಕೊಳ್ಳುವುದು ಸಂಕೋಚದ ವಿಷಯ. ಮೂರು ನಾಲ್ಕು ದಿನಕ್ಕೊಮ್ಮೆ ಮಡಕೆ ತುಂಬಿರೆಂದರೆ ಯಾರೂ ಬೇಡವೆನ್ನುವುದಿಲ್ಲ. ನಮ್ಮ ಪಕ್ಕದ ಮನೆಯ ಹುಡುಗಿ ಈ ಕೆಲಸ ಒಪ್ಪಿಕೊಂಡಿದ್ದಾಳೆ. ಅಷ್ಟು ದಿನದ ಮಲ್ಲಿಗೆಯೆಲ್ಲ ಅವಳದೇ ಎಂದು ಕರಾರಾಗಿದೆ. ಕರಾರಿನಲ್ಲಿ ಲಾಭ ಯಾರಿಗೆಂದು ಅವಳೂ ನಾನೂ ಒಬ್ಬರನ್ನೊಬ್ಬರು ಕೇಳಿಲ್ಲ.

ಹೋದ ಶ್ರಾವಣದಲ್ಲಿ, ಮಳೆ ಹಿಡಿದಿದ್ದಾಗ, ನಮ್ಮ ತಾಯಿಯವರ ಮಲ್ಲಿಗೆಯ ಒಂದು ಕೊಂಬೆಯನ್ನು ಬಾಗಿಸಿ, ಗಿಣ್ಣಿನ ಕೆಳಗೆ ಸಿಪ್ಪೆಯನ್ನು ಸ್ವಲ್ಪ ಕೆತ್ತಿ, ಮಣ್ಣಿನಲ್ಲಿ ಹೂತು ಮೇಲೊಂದು ಕಲ್ಲು ಹೇರಿದ್ದೆ. ಮೂರು ತಿಂಗಳಲ್ಲಿ ಬೇರು ಬಂತು. ಕಾರ್ತಿಕದಲ್ಲಿ ಅದನ್ನು ತಾಯಿಗಿಡದಿಂದ ಬೇರ್ಪಡಿಸಿ ಕುಂಡದಲ್ಲಿಟ್ಟೆ. ಅದೀಗ ನನ್ನೊಡನೆ ರೈಲು ಹತ್ತಲಿದೆ. ಈ ಸಲ ಅದಕ್ಕೆ ಜಾಗ ಹಿತ್ತಿಲಿನಲ್ಲಲ್ಲ. ಸಾಗರದ ಮಳೆಯನ್ನು ಮಲ್ಲಿಗೆ ತಡೆಯಬೇಕಾದರೆ ನೀರು ನಿಲ್ಲದ ಎತ್ತರದ ದಿಬ್ಬ ಬೇಕು, ದಿನದ ಬಹುಪಾಲು ಬಿಸಿಲು ಬೇಕು. ಮುಂಬಾಗಿಲಿನ ಮೆಟ್ಟಿಲ ಬಲಗಡೆ, ಅಕ್ಕ ಸಂಜೆ ಬಂದು ಕುಳಿತುಕೊಳ್ಳುವ ಜಗಲಿಗೆ ಎರಡು ಮಾರು ದೂರದಲ್ಲಿ, ಮಣ್ಣೂ ಮರಳೂ ಬೆರೆಸಿ ದಿಬ್ಬ ಕಟ್ಟಿಸಿದ್ದಾರಂತೆ. ಅಲ್ಲಿ ಅರಳಿದರೆ ಆಕೆ ಏಳಬೇಕಾಗಿಲ್ಲ, ನೋಡಬೇಕಾಗಿಲ್ಲ.

ಕಾಯುತ್ತಿರುವವನು ನಾನೊಬ್ಬನೇ ಅಲ್ಲವೆಂಬುದೂ ನನಗೆ ಗೊತ್ತಿದೆ. ಆ ಕಡೆಯ ಮನೆಯಲ್ಲಿ ಹಲಸಿನ ಎಳೆಯ ಗುಜ್ಜೆಯನ್ನು ನನಗಾಗಿ ಮರದಲ್ಲಿಯೇ ಬಿಟ್ಟಿದ್ದಾರೆ. ಹೊಳೆಯ ದಂಡೆಯ ಅಪ್ಪೆಮಿಡಿ ಬಂದಿದೆ. ಅದನ್ನು ತೊಟ್ಟಿನ ಸಮೇತ ಕೊಯ್ಯಬೇಕು. ತೊಟ್ಟು ಮುರಿದರೆ ಸೊನೆ ಹರಿದುಹೋಗಿ ಅದರೊಂದಿಗೆ ಪರಿಮಳವೂ ಹೋಗುತ್ತದೆ. ಅಕ್ಕ ಈಗ ಮಿಡಿಯನ್ನು ಕಣ್ಣಿನಿಂದ ಆರಿಸುವುದಿಲ್ಲ. ತೊಟ್ಟಿನ ಹತ್ತಿರ ಮೂಸಿ, ಇದು ಜೀರಿಗೆಯ ವಾಸನೆಯದು, ಇದು ಕರ್ಪೂರದ ವಾಸನೆಯದು ಎಂದು ಬೇರೆಬೇರೆ ಮಾಡಿ ಉಪ್ಪಿಗೆ ಹಾಕಿಸುತ್ತಾಳೆ. ಒಂದನ್ನೂ ತಪ್ಪುವುದಿಲ್ಲವೆಂದು ಸೊಸೆ ಹೇಳುತ್ತಾಳೆ. ಹೀಗೆ ಅಲ್ಲೊಂದು ಬೇಸಗೆಯೂ ಇಲ್ಲೊಂದು ಬೇಸಗೆಯೂ ಏಕಕಾಲದಲ್ಲಿ ಒಂದಕ್ಕೊಂದು ಸಿದ್ಧವಾಗುತ್ತಿವೆ.

ಮಹಾಶಯರೆ, ನಿರೀಕ್ಷೆಯಲ್ಲಿ ಒಂದು ಬಗೆಯ ಕುರುಡುತನವಿದೆ. ಮುಂದಿನದರ ಮೇಲೆ ನಟ್ಟ ದೃಷ್ಟಿ ಕಾಲಬುಡದ್ದನ್ನು ಕಾಣುವುದಿಲ್ಲ. ಮಮತೆಯಲ್ಲಿ ಇನ್ನೊಂದು ಬಗೆಯದಿದೆ. ಕಾಲಬುಡದ್ದಕ್ಕೆ ಅಂಟಿಕೊಂಡವನು ದೂರದಲ್ಲಿ ತನಗಾಗಿ ಕಾಯುವವರನ್ನು ಮರೆಯುತ್ತಾನೆ. ಬೇಸಗೆಯ ಆರಂಭದ ಹಿತ್ತಿಲು ಎರಡಕ್ಕೂ ಮದ್ದು ಎಂದು ನನ್ನ ಅನುಭವ. ಮೊಗ್ಗು ಒಂದೇ ಸಂಜೆಯದು. ಅದನ್ನು ಇಂದೇ ಕಾಣಬೇಕು. ಬೇರೂರಿದ ಕೊಂಬೆ ಬಹುಕಾಲದ್ದು; ಅದನ್ನು ಬೇರೊಬ್ಬರ ಅಂಗಳಕ್ಕೆ ಒಯ್ದು ಕೊಡಬೇಕು.

ತಮ್ಮಲ್ಲಿ ಅನೇಕರು ಈ ರಜೆಯಲ್ಲಿ ತಂದೆತಾಯಿಗಳನ್ನೋ, ಅಣ್ಣತಮ್ಮಂದಿರನ್ನೋ, ಮಕ್ಕಳುಮೊಮ್ಮಕ್ಕಳನ್ನೋ ಕಾಣಲು ಹೊರಡುವಿರಿ. ಪೆಟ್ಟಿಗೆ ಕಟ್ಟುವ ಗಡಿಬಿಡಿಯ ನಡುವೆ ಒಂದು ಸಂಜೆಯನ್ನಾದರೂ ಗಿಡಗಳ ಬಳಿ ಕಳೆಯಿರಿ. ಹಿತ್ತಿಲಿಲ್ಲದವರಿಗೆ ಮಹಡಿಯ ಮೇಲಿನ ಒಂದು ತುಳಸಿಯ ಕುಂಡವಾದರೂ ಇದ್ದೀತು. ಹೊರಡುವ ದಿನ ಮಧ್ಯಾಹ್ನ ಮೂರು ಗಂಟೆಗೆ, ಇನ್ನೂ ಬಿರಿಯದ ಮೊಗ್ಗುಗಳನ್ನು ಬಿಡಿಸಿ, ತೇವದ ಬಾಳೆಯೆಲೆಯಲ್ಲಿ ಸಡಿಲವಾಗಿ ಸುತ್ತಿ, ಬಾಳೆಯ ನಾರಿನಿಂದ ಕಟ್ಟಿಕೊಳ್ಳಿರಿ. ರಾತ್ರಿ ರೈಲಿನಲ್ಲಿ ನೀವು ನಿದ್ರೆ ಮಾಡುತ್ತಿರುವಾಗ ಅವು ಎಲೆಯೊಳಗೆ ತಮ್ಮ ಪಾಡಿಗೆ ತಾವು ಅರಳುತ್ತವೆ. ಬೆಳಿಗ್ಗೆ ಪೊಟ್ಟಣವನ್ನು ನೀವು ಬಿಚ್ಚಬೇಡಿರಿ. ಯಾರಿಗಾಗಿ ಒಯ್ದಿರೋ ಅವರ ಕೈಗೇ ಕೊಟ್ಟು ಬಿಚ್ಚಿಸಿರಿ.